ಮೊಬೈಲಿನಿಂದಲೇ ಮಕ್ಕಳು ಮಂಕಾದರಾ? ಕಾರಣ ಹುಡುಕಲು ಯಾವ ವಿಧಾನ ಹಿಡಿಯಬೇಕು

ಕಾರವಾರ, ಕುಮಟಾ, ಶಿರಸಿ ಕಡೆ ಡಿಗ್ರಿ ಓದುವವರು ಪ್ರಾಜೆಕ್ಟ್ ಹೊತ್ತಿಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಸರ್ವೆ ಮಾಡ್ಲಾ, ಪ್ರಯೋಗ ಮಾಡ್ಲಾ?" ವಿಷಯವೂ ಸಾಮಾನ್ಯವಾಗಿ ಒಂದೇ: ಮೊಬೈಲ್ ನೋಡಿ ನೋಡಿ ಹರೆಯದ ಮಕ್ಕಳ ಮನಸ್ಸು ಕುಗ್ಗುತ್ತಿದೆಯಾ? ಹೈಸ್ಕೂಲ್ ಮಾಸ್ತರರು, ಅಕ್ಕೋರುಗಳೂ ಇದನ್ನೇ ಕೇಳುತ್ತಾರೆ. ಅವರಿಗೆ ವರದಿ ಬೇಡ, ಉತ್ತರ ಬೇಕು.

ಬಹಳ ಜನ ಮಾಡುವುದು ಹೀಗೆ. ಗೂಗಲ್ ಫಾರ್ಮ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡ್ತೀರಿ, ಎಷ್ಟು ಬೇಜಾರಾಗಿರ್ತೀರಿ ಅಂತ ಕೇಳುತ್ತಾರೆ. ಎರಡೂ ಒಟ್ಟಿಗೆ ಏರಿದ್ದು ಕಂಡರೆ ಕೊನೆಯ ಪುಟದಲ್ಲಿ "ಮೊಬೈಲ್ ಬಳಕೆಯೇ ಖಿನ್ನತೆಗೆ ಕಾರಣ" ಅಂತ ಬರೆದು ಬೈಂಡಿಂಗಿಗೆ ಕೊಡುತ್ತಾರೆ. ಲೆಕ್ಕ ಸರಿ ಇರಬಹುದು. ಆ ಕೊನೆಯ ವಾಕ್ಯಕ್ಕೆ ಮಾತ್ರ ಆಧಾರವಿಲ್ಲ.

ಅಡಿಕೆ ತೋಟ ಇರುವವರಿಗೆ ಈ ಗೊಂದಲ ಹೊಸದಲ್ಲ. ಮಳೆಗಾಲದಲ್ಲಿ ಬೋರ್ಡೋ ಮದ್ದನ್ನು ಹೆಚ್ಚು ಸಲ ಹೊಡೆದ ತೋಟಗಳನ್ನು ಪಟ್ಟಿ ಮಾಡಿದರೆ ಅಲ್ಲೇ ಕೊಳೆರೋಗ ಜಾಸ್ತಿ ಕಾಣಬಹುದು. ಹಾಗಂತ ಮದ್ದಿನಿಂದಲೇ ಕೊಳೆ ಬಂತು ಅಂತ ಯಾರೂ ಹೇಳುವುದಿಲ್ಲ. ಮಳೆ ಬಿಡದೆ ಸುರಿದ ಕಡೆ ಕೊಳೆಯೂ ಜಾಸ್ತಿ, ಮದ್ದೂ ಜಾಸ್ತಿ. ಕೊಳೆ ಕಂಡ ಮೇಲೆ ಹೆದರಿ ಇನ್ನೊಂದು ಸಲ ಹೊಡೆಸಿದವರೂ ಇರುತ್ತಾರೆ. ತೋಟದಲ್ಲಿ ಇಷ್ಟು ಸಲೀಸಾಗಿ ಹೊಳೆಯುವುದು ಮನುಷ್ಯರ ವಿಷಯಕ್ಕೆ ಬಂದಾಗ ಯಾಕೋ ಮರೆತುಹೋಗುತ್ತದೆ.

ಮೊದಲು ಅಳತೆಗೋಲು

ವಿಧಾನ ಆರಿಸುವ ಮುಂಚೆ ಕೆಲವು ಪ್ರಶ್ನೆ ಎದುರಿಗಿಟ್ಟುಕೊಳ್ಳಿ. ಯಾವುದು ಮೊದಲು ಬಂತು, ಮೊಬೈಲಾ, ಬೇಜಾರಾ? ಬೇಜಾರಾದ ಹುಡುಗನೇ ಮೂಲೆ ಹಿಡಿದು ಮೊಬೈಲ್ ನೋಡಬಹುದಲ್ವಾ. ಎರಡನ್ನೂ ಒಟ್ಟಿಗೆ ಎಳೆಯುವ ಮೂರನೆಯದು ಇದೆಯಾ? ಮನೆಯಲ್ಲಿ ಜಗಳ, ನಿದ್ದೆಗೆಡುವುದು, ಹಾಸ್ಟೆಲ್ ವಾಸ, ಪರೀಕ್ಷೆಯ ಭಯ, ಯಾವುದೂ ಆಗಬಹುದು. ಸಿಕ್ಕ ಉತ್ತರ ನಿಮ್ಮ ಕ್ಲಾಸಿನ ಹೊರಗೂ ನಿಲ್ಲುತ್ತದಾ? ಇನ್ನು ದುಡ್ಡು, ಸಮಯ, ಒಪ್ಪಿಗೆ. ಇವು ಎಲ್ಲರಿಗೂ ಗೊತ್ತಿರುವ ತಲೆನೋವು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ನೀವು ಹೋಲಿಸುವ ಎರಡು ಗುಂಪುಗಳಲ್ಲಿ ಯಾರು ಯಾವುದಕ್ಕೆ ಸೇರಬೇಕು ಅಂತ ತೀರ್ಮಾನಿಸಿದ್ದು ಯಾರು? ಅವರೇ ಆರಿಸಿಕೊಂಡರಾ, ಅಧಿಕಾರಿಗಳು ಹಂಚಿದರಾ, ಚೀಟಿ ಎತ್ತಿದರಾ? ನನ್ನ ಮಟ್ಟಿಗೆ ಉಳಿದದ್ದೆಲ್ಲ ಇದರ ನಂತರ.

ಇದಕ್ಕೆ ಒಳ್ಳೆಯ ಉದಾಹರಣೆ ಕೆನಡಾದ ಒಂದು ತೂಗುಸೇತುವೆಯಲ್ಲಿ ಸಿಗುತ್ತದೆ. ಉಳವಿ ಹತ್ತಿರದ ಶಿವಪುರದ ತೂಗುಸೇತುವೆ ದಾಟಿದವರಿಗೆ ಎದೆ ಡವಗುಟ್ಟುವುದು ಅಂದರೇನು ಗೊತ್ತು. 1974ರಲ್ಲಿ ಡೊನಾಲ್ಡ್ ಡಟನ್, ಆರ್ಥರ್ ಆರನ್ ಎಂಬವರು ವ್ಯಾಂಕೂವರ್ ಹತ್ತಿರದ ಕ್ಯಾಪಿಲಾನೊ ತೂಗುಸೇತುವೆ ಮೇಲೆ ಗಂಡಸರನ್ನು ಒಬ್ಬ ಯುವತಿ ಮಾತಾಡಿಸುವಂತೆ ಮಾಡಿದರು. ಆಕೆ ಪುಟ್ಟ ಕಥೆ ಬರೆಸಿ, ಕೊನೆಗೆ ತನ್ನ ಫೋನ್ ನಂಬರ್ ಕೊಡುತ್ತಿದ್ದಳು. ಸ್ವಲ್ಪ ದೂರದ ಗಟ್ಟಿ ಸೇತುವೆ ಮೇಲೂ ಇದೇ ನಡೆಯಿತು. ತೂಗುಸೇತುವೆಯಲ್ಲಿ ನಂಬರ್ ಪಡೆದ 18 ಮಂದಿಯಲ್ಲಿ 9 ಜನ ಫೋನ್ ಮಾಡಿದರು. ಗಟ್ಟಿ ಸೇತುವೆಯಲ್ಲಿ 16ರಲ್ಲಿ ಇಬ್ಬರೇ. ಹೆದರಿಕೆಯ ಎದೆಬಡಿತವನ್ನು ಮನಸ್ಸು ಆಕರ್ಷಣೆ ಅಂತ ತಪ್ಪು ತಿಳಿಯುತ್ತದೆ ಎಂಬುದು ಅವರ ವಿವರಣೆ.

ಚೆಂದದ ಕಥೆ. ಆದರೆ ತೂಗುಸೇತುವೆಗೆ ಹೋದವರು ತಾವಾಗೇ ಹೋದವರು. ಸಾಹಸದ ಹುಚ್ಚು ಇರುವವನು ತೂಗುಸೇತುವೆಯನ್ನೂ ಹತ್ತುತ್ತಾನೆ, ಅಪರಿಚಿತ ಹುಡುಗಿಗೆ ಫೋನನ್ನೂ ಮಾಡುತ್ತಾನೆ. ಸಂಶೋಧಕರಿಗೂ ಈ ಅನುಮಾನ ಬಂತು. ಹಾಗಾಗಿ ಇನ್ನೊಮ್ಮೆ ಮಾಡುವಾಗ ಎರಡೂ ಗುಂಪಿಗೆ ಅದೇ ತೂಗುಸೇತುವೆ ದಾಟಿದವರನ್ನೇ ತೆಗೆದುಕೊಂಡರು. ಒಂದು ಗುಂಪನ್ನು ಸೇತುವೆ ಮೇಲೇ ಮಾತಾಡಿಸಿದರು. ಇನ್ನೊಂದನ್ನು ದಾಟಿ ಬಂದು ಕೂತು, ಎದೆಬಡಿತ ಇಳಿದ ಮೇಲೆ ಮಾತಾಡಿಸಿದರು. ಆಗಲೂ ವ್ಯತ್ಯಾಸ ಉಳಿಯಿತು. ಮೂರನೆಯ ಸಲ ಪ್ರಯೋಗಾಲಯಕ್ಕೇ ಕರೆದು, ಗುಂಪು ಹಂಚುವ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡರು. ಪ್ರಶ್ನೆ ಒಂದೇ, ವಿಧಾನ ಮೂರು. ಪ್ರತಿ ಸಲ ಹಿಂದಿನ ಸಲದ ಒಂದು ಅನುಮಾನ ಕಳೆಯಿತು. ಕೆಳಗಿನ ಆಯ್ಕೆಗಳನ್ನೂ ಹಾಗೇ ನೋಡಿ.

ಒಂದೇ ಸಲದ ಸರ್ವೆ

ಅಗ್ಗ, ಬೇಗ. ಪಾಲಕರ ಒಪ್ಪಿಗೆ ಸಿಗುವುದೂ ಸುಲಭ. ಎರಡು ಸಂಗತಿ ಜೊತೆಗಿವೆಯಾ, ಎಷ್ಟು ಗಟ್ಟಿಯಾಗಿ ಜೊತೆಗಿವೆ ಅಂತ ತಿಳಿಯಲು ಇದು ಸಾಕು. ಅದಕ್ಕಿಂತ ಮುಂದೆ ಇದು ಒಯ್ಯುವುದಿಲ್ಲ. ಸಾವಿರ ಜನರನ್ನು ಕೇಳಿದರೂ ಯಾವುದು ಮೊದಲು ಅನ್ನೋದು ಗೊತ್ತಾಗುವುದಿಲ್ಲ.

ಎಷ್ಟು ದೊಡ್ಡ ಸರ್ವೆ ಬೇಕು? 2019ರಲ್ಲಿ ಏಮಿ ಓರ್ಬೆನ್ ಮತ್ತು ಅವರ ಸಹೋದ್ಯೋಗಿ ಅಮೆರಿಕ, ಬ್ರಿಟನ್‌ನ 3,55,358 ಹದಿಹರೆಯದವರ ಮಾಹಿತಿ ಒಟ್ಟು ಹಾಕಿ ನೋಡಿದರು. ಮಕ್ಕಳ ಮನಸ್ಸಿನ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಮೊಬೈಲ್, ಕಂಪ್ಯೂಟರಿನಂಥ ಸಾಧನಗಳ ಬಳಕೆಗೆ ಸಂಬಂಧಿಸಿದ್ದು ಹೆಚ್ಚೆಂದರೆ ಶೇ 0.4. ಅದೇ ಮಾಹಿತಿಯಲ್ಲಿ ಬಟಾಟೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ಸಂಬಂಧ ಹೆಚ್ಚುಕಡಿಮೆ ಅಷ್ಟೇ ಇತ್ತು. ಬಟಾಟೆ ನಿಲ್ಲಿಸಿ ಅಂತ ಯಾವ ಶಾಲೆಯೂ ನೋಟಿಸ್ ಹಾಕಲಿಲ್ಲ.

ಇನ್ನೊಂದು ಅಪಾಯವಿದೆ. ಫಾರ್ಮಿನಲ್ಲಿ ಇಪ್ಪತ್ತು ಪ್ರಶ್ನೆ ಇಟ್ಟು, ಇಪ್ಪತ್ತನ್ನೂ ಬೇಜಾರಿನ ಜೊತೆ ಹೋಲಿಸಿದರೆ ಏನಾಗುತ್ತದೆ? ಯಾವುದಕ್ಕೂ ನಿಜವಾದ ಸಂಬಂಧ ಇಲ್ಲದಿದ್ದರೂ, ಶೇ 5ರ ಮಟ್ಟದಲ್ಲಿ, ಅಂದರೆ ಒಂದೊಂದು ಹೋಲಿಕೆಯಲ್ಲೂ ನೂರಕ್ಕೆ ಐದು ಸಲ ಸುಳ್ಳು ಸಂಬಂಧ ಕಾಣಬಹುದು ಅಂತ ಒಪ್ಪಿಕೊಂಡರೆ, ಒಂದಾದರೂ ಸುಮ್ನೆ "ಸಿಗುವ" ಸಾಧ್ಯತೆ ಸುಮಾರು ಶೇ 64. ಹಾಗಾಗಿ ಯಾವ ಎರಡನ್ನು ಹೋಲಿಸುತ್ತೀರಿ ಅಂತ ಮಾಹಿತಿ ಸೇರಿಸುವ ಮೊದಲೇ ಬರೆದು ಗೈಡ್ ಹತ್ತಿರ ಸಹಿ ಹಾಕಿಸಿಕೊಳ್ಳಿ.

ಸರ್ವೆಯೇ ಗತಿ ಅಂತಾದರೆ ಒಂದು ಸಣ್ಣ ಸುಧಾರಣೆ ಮಾಡಿ. "ಎಷ್ಟು ಹೊತ್ತು ನೋಡ್ತೀರಿ" ಅಂತ ಕೇಳಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಸ್ಕ್ರೀನ್ ಟೈಮ್ ಲೆಕ್ಕ ನೋಡಿ ಬರೆಯಲು ಹೇಳಿ. ಜನ ತಮ್ಮ ಬಳಕೆಯನ್ನು ಸರಿಯಾಗಿ ಅಂದಾಜು ಮಾಡುವುದಿಲ್ಲ. ಬೇಜಾರಾದವರು ಜಾಸ್ತಿ ಅಂದಾಜು ಮಾಡಿದರೆ, ಇಲ್ಲದ ಸಂಬಂಧವೂ ಹುಟ್ಟಿಕೊಳ್ಳುತ್ತದೆ.

ಅದೇ ಮಕ್ಕಳನ್ನು ಮತ್ತೆ ಮತ್ತೆ ಕೇಳುವುದು

ಜೂನ್‌ನಲ್ಲಿ ಕೇಳಿ, ಡಿಸೆಂಬರ್‌ನಲ್ಲಿ ಅದೇ ಮಕ್ಕಳನ್ನು ಮತ್ತೆ ಕೇಳಿದರೆ ಯಾವುದು ಮೊದಲು ಎಂಬ ಪ್ರಶ್ನೆಗೆ ಸ್ವಲ್ಪ ಬೆಳಕು ಬೀಳುತ್ತದೆ. ಮೂರನೆಯ ಕಾರಣ ಮಾತ್ರ ಹಾಗೇ ಕೂತಿರುತ್ತದೆ. ಮಾರ್ಷ್‌ಮೆಲೋ ಪರೀಕ್ಷೆಯ ಕಥೆ ಇದೇ. ಈಗಲೇ ಒಂದು ಮಿಠಾಯಿ ಬೇಕಾ, ಕಾದರೆ ಎರಡು ಬೇಕಾ ಅಂತ ಪುಟ್ಟ ಮಕ್ಕಳನ್ನು ಕೇಳಿ, ಕಾದವರು ದೊಡ್ಡವರಾದ ಮೇಲೆ ಓದಿನಲ್ಲಿ ಮುಂದಿದ್ದಾರೆ ಅಂತ ವಾಲ್ಟರ್ ಮಿಶೆಲ್ ತಂಡ ಕಂಡಿತು. ಆ ಮಕ್ಕಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ನರ್ಸರಿಯವರು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು, ಬೇರೆ ಬೇರೆ ಹಿನ್ನೆಲೆಯ ಮಕ್ಕಳ ಮಾಹಿತಿ ತೆಗೆದು ನೋಡಿದಾಗ ಆ ಸಂಬಂಧ ಅರ್ಧಕ್ಕೆ ಇಳಿದಿತ್ತು. ಮನೆಯ ಸ್ಥಿತಿ, ಮಗುವಿನ ಆರಂಭದ ಬುದ್ಧಿಮಟ್ಟ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆ, ಉಳಿದದ್ದರಲ್ಲೂ ಮೂರನೇ ಎರಡು ಭಾಗ ಕರಗಿತು. ವರ್ಷಗಟ್ಟಲೆ ಕಾದರೂ ಗುಂಪು ಮಾಡಿದ್ದು ಮನೆಯೇ, ಸಂಶೋಧಕರಲ್ಲ.

ನಮ್ಮ ಜಿಲ್ಲೆಯಲ್ಲಿ ಇದನ್ನು ಮಾಡುವವರು ತಿಂಗಳು ನೋಡಿ ಆರಿಸಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ತದಡಿ, ಬೈತಖೋಲ ಕಡೆಯ ಮನೆಗಳಲ್ಲಿ ಮೇ ತಿಂಗಳ ಮನಸ್ಥಿತಿಯೇ ಬೇರೆ, ಜುಲೈ ತಿಂಗಳದ್ದೇ ಬೇರೆ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ, ಆಟಕ್ಕೆ ಹೊರಗೆ ಹೋಗಲಾಗುವುದಿಲ್ಲ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಒಂದು ವರ್ಷದ ಮಾರ್ಚ್‌ಗೂ ಮುಂದಿನ ಮಾರ್ಚ್‌ಗೂ ಇರುವ ವ್ಯತ್ಯಾಸ ಜಾತ್ರೆಯದ್ದೂ ಆಗಿರಬಹುದು. ಇದರ ಜೊತೆಗೆ ಮಕ್ಕಳು ಊರು ಬಿಡುತ್ತಾರೆ, ಶಾಲೆ ಬದಲಿಸುತ್ತಾರೆ. ಒಂದು ಸೆಮಿಸ್ಟರ್‌ನ ಪ್ರಾಜೆಕ್ಟಿಗೆ ನಾನು ಇದನ್ನು ಹೇಳುವುದಿಲ್ಲ. ಎಂಟರಿಂದ ಹತ್ತನೆಯವರೆಗೆ ಮಕ್ಕಳನ್ನು ಕಣ್ಣೆದುರೇ ಇಟ್ಟುಕೊಂಡಿರುವ ಹೈಸ್ಕೂಲ್ ಮಾಸ್ತರರಿಗೆ ಮಾತ್ರ ಇದು ಹೇಳಿ ಮಾಡಿಸಿದ್ದು.

ಊರಿಗೆ ಟವರ್ ಬರುವುದನ್ನು ಕಾಯುವುದು

ಉತ್ತರ ಕನ್ನಡದವರಿಗೆ ಬೇರೆಯವರಿಗೆ ಇಲ್ಲದ ಒಂದು ಅವಕಾಶ ಇದೆ. ಜೋಯಿಡಾ, ಸಿದ್ದಾಪುರ, ಶಿರಸಿಯ ಒಳ ಹಳ್ಳಿಗಳಲ್ಲಿ ನೆಟ್‌ವರ್ಕ್ ಎಲ್ಲ ಕಡೆ ಒಟ್ಟಿಗೆ ಬರಲಿಲ್ಲ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ ಮಕ್ಕಳು ನೆನಪಿರಬೇಕು. ಒಂದು ಊರಿಗೆ ಟವರ್ ಬಂದು ಪಕ್ಕದ ಊರಿಗೆ ಬರದಿದ್ದರೆ, ಯಾರಿಗೆ ಇಂಟರ್ನೆಟ್ ಅಂತ ಆರಿಸಿದ್ದು ಮಕ್ಕಳಲ್ಲ. ಇಂಥದ್ದಕ್ಕೆ ಸಹಜ ಪ್ರಯೋಗ ಅನ್ನುತ್ತಾರೆ.

ಇದೇ ದಾರಿಯಲ್ಲಿ ಬಂದ ಒಂದು ಒಳ್ಳೆಯ ಅಧ್ಯಯನ ಫೇಸ್‌ಬುಕ್ ಕುರಿತದ್ದು. 2004ರಲ್ಲಿ ಹಾರ್ವರ್ಡ್‌ನಲ್ಲಿ ಶುರುವಾದ ಫೇಸ್‌ಬುಕ್ ಉಳಿದ ಕಾಲೇಜುಗಳಿಗೆ ಒಂದೊಂದಾಗಿ ತೆರೆದುಕೊಂಡಿತು. ಲೂಕಾ ಬ್ರಾಗಿಯೇರಿ ಮತ್ತು ಸಂಗಡಿಗರು ಅದು ಬಂದ ಕಾಲೇಜುಗಳನ್ನೂ ಇನ್ನೂ ಬರದ ಕಾಲೇಜುಗಳನ್ನೂ ಹೋಲಿಸಿ 2022ರಲ್ಲಿ ಪ್ರಕಟಿಸಿದರು. ಬಂದ ಕಡೆ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯ ಕುಸಿದಿತ್ತು. ಮೇಲಿನ ಶೇ 0.4ರ ಸರ್ವೆಗೂ ಇದಕ್ಕೂ ಜಗಳ ಅಂತ ಅನ್ನಿಸಬಹುದು. ಆದರೆ ಇಬ್ಬರೂ ಕೇಳಿದ ಪ್ರಶ್ನೆ ಬೇರೆ. ಒಂದು, ಎಲ್ಲ ಪರದೆಗಳನ್ನೂ ಒಟ್ಟು ಹಾಕಿ ಜಾಸ್ತಿ ನೋಡುವವರು, ಕಡಿಮೆ ನೋಡುವವರು ಅಂತ ಹೋಲಿಸಿದ್ದು. ಇನ್ನೊಂದು, ಇಡೀ ಕಾಲೇಜಿಗೆ ಒಂದು ಹೊಸ ವಸ್ತು ಬಂದಾಗ ಏನಾಯಿತು ಅಂತ ನೋಡಿದ್ದು. ಎಲ್ಲರ ಕೈಯಲ್ಲೂ ಬಂದ ಮೇಲೆ, ನೋಡದವನಿಗೂ ಅದರ ಬಿಸಿ ತಟ್ಟುತ್ತದೆ.

ನಮ್ಮ ದೇಶದ್ದೇ ಬೇಕೆಂದರೆ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆ ಇದೆ. ಆಗ ಅಲ್ಲಿ ಪಂಚಾಯತಿ ಪ್ರಧಾನರ ಸ್ಥಾನದಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಾಗಿತ್ತು. ಯಾವ ಪಂಚಾಯತಿಗೆ ಅನ್ನುವುದನ್ನು ಊರಿನವರು ಆರಿಸುವಂತಿರಲಿಲ್ಲ. ಲೋರಿ ಬೀಮನ್, ಎಸ್ತರ್ ಡುಫ್ಲೊ ಮತ್ತಿತರರು 2012ರಲ್ಲಿ ಕಂಡದ್ದು ಇದು: ಸತತ ಎರಡು ಅವಧಿ ಮಹಿಳೆ ಪ್ರಧಾನರಾಗಿದ್ದ ಕಡೆ, ಗಂಡು ಮಕ್ಕಳ ಮತ್ತು ಹೆಣ್ಣು ಮಕ್ಕಳ ಭವಿಷ್ಯದ ಬಗ್ಗೆ ಪಾಲಕರ ಆಸೆಗಳ ಅಂತರ ಶೇ 25ರಷ್ಟು ಕಡಿಮೆ. ಮಕ್ಕಳದೇ ಆಸೆಗಳಲ್ಲಿ ಶೇ 32 ಕಡಿಮೆ. ಕರ್ನಾಟಕದಲ್ಲೂ ಅಧ್ಯಕ್ಷ ಸ್ಥಾನದ ಮೀಸಲಾತಿ ಸರದಿ ಇದೆ. ಆದರೆ ಇಲ್ಲಿ ಯಾವ ಲೆಕ್ಕದಲ್ಲಿ ಹಂಚಿದ್ದಾರೆ ಅಂತ ಜಿಲ್ಲಾಡಳಿತದ ಆದೇಶ ಓದಿಯೇ ಮುಂದುವರಿಯಿರಿ. ಜನಸಂಖ್ಯೆ ನೋಡಿ ಹಂಚಿದ್ದರೆ ಅದು ಚೀಟಿ ಎತ್ತಿದಂತೆ ಅಲ್ಲ.

ಟವರ್ ವಿಷಯದಲ್ಲೂ ಇದೇ ತೊಡಕು. ಟವರ್ ಬೇಗ ಬಂದ ಊರಿಗೆ ಡಾಂಬರು ರಸ್ತೆ, ಬಸ್ಸು, ಹತ್ತಿರದ ಹೈಸ್ಕೂಲ್ ಎಲ್ಲ ಮೊದಲೇ ಇರುತ್ತವೆ. ಸುಮ್ನೆ ಬಂದ ಊರು, ಬರದ ಊರು ಅಂತ ಹೋಲಿಸಿದರೆ ನೀವು ರಸ್ತೆಯನ್ನು ಅಳೆದಂತೆ. ಬದಲಿಗೆ, ಟವರ್ ಮಂಜೂರಾಗಿ ಇನ್ನೂ ಶುರುವಾಗದ ಊರನ್ನೇ ಹೋಲಿಕೆಗೆ ತೆಗೆದುಕೊಳ್ಳಿ. ಎರಡೂ ಕಡೆ ಮೊದಲೊಮ್ಮೆ, ಆಮೇಲೊಮ್ಮೆ, ಅದೇ ತಿಂಗಳಲ್ಲಿ ಅಳೆಯಿರಿ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಎರಡು ಊರಿನಲ್ಲಿ ನೂರು ಮಕ್ಕಳನ್ನು ಮಾತಾಡಿಸಿದರೂ ನಿಮ್ಮ ಹೋಲಿಕೆ ನೂರರದ್ದಲ್ಲ, ಎರಡೇ ಊರಿನದ್ದು. ಹತ್ತಾರು ಊರು ಬೇಕು. ಅಂದರೆ ಬಸ್ಸಿನ ಖರ್ಚು, ಎರಡು ವರ್ಷ, ಜೊತೆಗೆ ನಾಲ್ಕು ಜನ. ಪಿಎಚ್‌ಡಿ ಮಾಡುವವರಿಗೆ, ಅನುದಾನ ಇರುವ ಸಂಸ್ಥೆಗಳಿಗೆ ಇದಕ್ಕಿಂತ ಒಳ್ಳೆಯ ಜಿಲ್ಲೆ ಸಿಗಲಿಕ್ಕಿಲ್ಲ.

ಕೋಣೆಯೊಳಗಿನ ಪ್ರಯೋಗ

ಇಲ್ಲಿ ಗುಂಪು ಹಂಚುವುದು ಚೀಟಿ. ಚೀಟಿಗೆ ಯಾರ ಮನೆಯ ಜಗಳವೂ ಗೊತ್ತಿಲ್ಲ. ಹಾಗಾಗಿ ಮೂರನೆಯ ಕಾರಣಗಳು, ನಮಗೆ ಹೊಳೆಯದವೂ ಸೇರಿ, ಎರಡೂ ಗುಂಪಿಗೆ ಸರಿಸುಮಾರು ಸಮ ಬೀಳುತ್ತವೆ. 1968ರಲ್ಲಿ ಜಾನ್ ಡಾರ್ಲಿ, ಬಿಬ್ ಲಟಾನೆ ಮಾಡಿದ್ದು ಇದನ್ನೇ. ಇಂಟರ್‌ಕಾಮ್‌ನಲ್ಲಿ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸಿದರು. ಕೇಳುತ್ತಿರುವವನು ತಾನೊಬ್ಬನೇ ಅಂತ ತಿಳಿದಾಗ, ಅವನ ಮಾತು ಮುಗಿಯುವ ಮೊದಲೇ ಶೇ 85 ಜನ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂತ ತಿಳಿದಾಗ ಶೇ 31. ಒಳ್ಳೆಯವರೆಲ್ಲ ಒಂದೇ ಗುಂಪಿಗೆ ಹೋಗಿಬಿಟ್ಟರು ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಖರ್ಚು ಕಡಿಮೆ, ಉತ್ತರ ಖಚಿತ. ಆದರೆ ಪುಟ್ಟ ಗುಂಪಿನಿಂದ ಬಂದ ಉತ್ತರವನ್ನು ನಂಬಬೇಡಿ. ಎದೆ ಸೆಟೆಸಿ ನಿಂತರೆ ಹಾರ್ಮೋನು ಬದಲಾಗುತ್ತದೆ ಅಂತ 2010ರಲ್ಲಿ 42 ಜನರಲ್ಲಿ ಕಂಡದ್ದು, 2015ರಲ್ಲಿ 200 ಜನರಲ್ಲಿ ಮಾಡಿದಾಗ ಕಾಣಲಿಲ್ಲ. ನಮ್ಮ ಪ್ರಶ್ನೆಗೆ ಇನ್ನೊಂದು ಕೊರತೆಯೂ ಇದೆ. ಅರ್ಧ ಗಂಟೆ ರೀಲ್ಸ್ ತೋರಿಸಿ ಬೇಜಾರು ಅಳೆಯಬಹುದು. ವರ್ಷವಿಡೀ ನೋಡಿದರೆ ಏನಾಗುತ್ತದೆ ಅಂತ ಅದರಿಂದ ಹೇಳಲಾಗದು.

ಹೊರಗಿನ ಪ್ರಯೋಗ

ಚೀಟಿಯೂ ಇರಬೇಕು, ಜೀವನವೂ ನಿಜದ್ದಿರಬೇಕು ಅಂದರೆ ಇದು. ಮ್ಯಾಟ್ ಲೋ ಎಂಬ ಸಂಶೋಧಕ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್ ಮಾಡಿ, ಯಾರು ಒಂದೇ ಜಾತಿಯ ತಂಡಕ್ಕೆ, ಯಾರು ಬೆರೆತ ತಂಡಕ್ಕೆ ಎಂಬುದನ್ನು ಚೀಟಿಗೆ ಬಿಟ್ಟರು. 2021ರ ಫಲಿತಾಂಶ: ಒಂದೇ ತಂಡದಲ್ಲಿ ಆಡಿದರೆ ಬೇರೆ ಜಾತಿಯವರ ಸ್ನೇಹ ಹೆಚ್ಚಾಯಿತು, ಎದುರಾಳಿಗಳಾಗಿ ಆಡಿದರೆ ಒಡನಾಟ ಕಡಿಮೆಯಾಯಿತು. ನಮ್ಮ ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ ಕೇರಿಗೊಂದು ತಂಡ ಇರುವುದನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ.

ಮೊಬೈಲ್ ವಿಷಯಕ್ಕೆ ಎರಡು ಮಾದರಿಗಳಿವೆ. ದೊಡ್ಡದು: 2018ರ ಅಮೆರಿಕದ ಮಧ್ಯಂತರ ಚುನಾವಣೆಗೆ ಮುಂಚೆ, ಹಂಟ್ ಆಲ್ಕಾಟ್ ಮತ್ತು ಸಂಗಡಿಗರು ಚೀಟಿಯಲ್ಲಿ ಬಂದವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಂದ್ ಮಾಡಿಸಿದರು. ನೆಮ್ಮದಿ ಸ್ವಲ್ಪ ಹೆಚ್ಚಿತು, ಸುದ್ದಿಯ ತಿಳಿವಳಿಕೆ ಕಡಿಮೆಯಾಯಿತು. ಚಿಕ್ಕದು: ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಲಿಸ್ಸಾ ಹಂಟ್ ತಂಡ 2018ರಲ್ಲಿ 143 ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನಾಪ್‌ಚಾಟ್ ತಲಾ ದಿನಕ್ಕೆ 10 ನಿಮಿಷ ಅಂತ ಮಿತಿ ಹಾಕಿತು. ಮೂರು ವಾರದ ನಂತರ ಆ ಗುಂಪಿನ ಒಂಟಿತನ, ಕುಗ್ಗಿದ ಭಾವ ಕಡಿಮೆಯಾಗಿತ್ತು. ಮಿತಿ ಪಾಲಿಸಿದರಾ ಅಂತ ಫೋನಿನ ಸ್ಕ್ರೀನ್‌ಶಾಟ್ ನೋಡಿದರು.

ಇದರಲ್ಲೂ ಲೋಪವಿದೆ. ತನ್ನನ್ನು ಯಾವ ಗುಂಪಿಗೆ ಹಾಕಿದ್ದಾರೆ ಅಂತ ಎಲ್ಲರಿಗೂ ಗೊತ್ತು. "ಮೊಬೈಲ್ ಬಿಟ್ಟೆ, ಈಗ ಹಾಯೆನಿಸಬೇಕು" ಅಂತ ಅಂದುಕೊಂಡೇ ಕೆಲವರು ಉತ್ತರಿಸುತ್ತಾರೆ. ಗುಂಪಿನ ಗಾತ್ರವೂ ಬೇಕು. ಮಧ್ಯಮ ಗಾತ್ರದ ಪರಿಣಾಮ, ಅಂದರೆ ಅಂಕಿಅಂಶದವರು 0.5 ಅನ್ನುವಷ್ಟು (ಜನರ ನಡುವೆ ಸಾಮಾನ್ಯವಾಗಿ ಇರುವ ಏರುಪೇರಿನ ಅರ್ಧದಷ್ಟು), ಕಾಣಲು ಒಂದೊಂದು ಗುಂಪಿಗೆ ಸುಮಾರು 64 ಜನ ಬೇಕು. ಆಲ್ಕಾಟ್ ತಂಡ ಕಂಡದ್ದು ಸುಮಾರು 0.09. ಅಷ್ಟು ಸಣ್ಣದನ್ನು ಹಿಡಿಯಲು ಒಂದೊಂದು ಗುಂಪಿಗೆ ಎರಡು ಸಾವಿರದ ಹತ್ತಿರ. ಮೂವತ್ತು ಜನರ ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದರೆ ಮೊಬೈಲ್ ನಿರಪರಾಧಿ ಅಂತಲ್ಲ.

ಹಾಗಾದರೆ ಯಾರಿಗೆ ಯಾವುದು

ಬಿಎ ಕೊನೆಯ ವರ್ಷದವರು, ಕೈಯಲ್ಲಿ ಮೂರು ತಿಂಗಳು ಮತ್ತು ಬಸ್ ಪಾಸ್ ಮಾತ್ರ ಇರುವವರು: ಒಬ್ಬರೇ ಆದರೆ ಸರ್ವೆ ಮಾಡಿ, ನಾಚಿಕೆ ಬೇಡ. ನಾಲ್ಕೈದು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡಲು ಕಾಲೇಜು ಒಪ್ಪಿದರೆ ಮೂರು ವಾರದ ಇನ್‌ಸ್ಟಾಗ್ರಾಂ ಮಿತಿಯ ಪ್ರಯೋಗ ಹಿಡಿಯಿರಿ. 130 ಜನ ಎರಡು ಕಾಲೇಜಿನಲ್ಲಿ ಸಿಗುತ್ತಾರೆ. ನಡುವೆ ಬಿಡುವವರೂ ಇರುವುದರಿಂದ ಕೆಲವರನ್ನು ಹೆಚ್ಚಿಗೇ ಸೇರಿಸಿಕೊಳ್ಳಿ. 18 ತುಂಬಿದವರನ್ನೇ ತೆಗೆದುಕೊಂಡರೆ ಪಾಲಕರ ಒಪ್ಪಿಗೆಯ ಓಡಾಟ ಇಲ್ಲ. ಕ್ಲಾಸಿಗೆ ಕ್ಲಾಸನ್ನೇ ಒಂದು ಗುಂಪು ಮಾಡಬೇಡಿ, ಒಬ್ಬೊಬ್ಬರಿಗೂ ಚೀಟಿ ಎತ್ತಿ. ಪರೀಕ್ಷೆಯ ತಿಂಗಳು ಬಿಟ್ಟು ಮಾಡಿ. ತೀರಾ ಕುಗ್ಗಿದ ಉತ್ತರ ಕೊಟ್ಟವರು ಕಂಡರೆ ಯಾರ ಹತ್ತಿರ ಕಳಿಸಬೇಕು ಅಂತ ಶುರು ಮಾಡುವ ಮೊದಲೇ ಗೊತ್ತಿರಬೇಕು.

ಶಾಲೆಯ ಮಾಸ್ತರರು, ಅಕ್ಕೋರುಗಳು ಅದೇ ಮಕ್ಕಳನ್ನು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಕೇಳಿ ಇಟ್ಟುಕೊಳ್ಳಲಿ. ಪಾಲಕರ ಒಪ್ಪಿಗೆ ಬರಹದಲ್ಲಿರಲಿ. ಮಗು ಬೇಡ ಅಂದರೆ ಬೇಡ. ಮುಂದೆ ಆ ಊರಿಗೆ ಟವರ್ ಬಂದಾಗ ಆ ಹಳೆಯ ಹಾಳೆಗಳಿಗೆ ಬೆಲೆ ಬರುತ್ತದೆ.

ಈಗಾಗಲೇ ಸರ್ವೆ ಮುಗಿಸಿ ಫಲಿತಾಂಶ ಹಿಡಿದು ಕೂತವರು ಅದನ್ನು ಎಸೆಯಬೇಕಿಲ್ಲ. "ಕಾರಣ", "ಪರಿಣಾಮ", "ಹೆಚ್ಚಿಸುತ್ತದೆ" ಅನ್ನುವ ಪದಗಳನ್ನು ಶೀರ್ಷಿಕೆಯಿಂದಲೂ ಕೊನೆಯ ಪುಟದಿಂದಲೂ ತೆಗೆಯಿರಿ. "ಜಾಸ್ತಿ ನೋಡುವವರಲ್ಲಿ ಬೇಜಾರೂ ಜಾಸ್ತಿ ಕಂಡಿತು" ಅಂತ ಬರೆಯಿರಿ. ಅದರ ಕೆಳಗೆ, ಹಾಗಾಗಲು ಇರಬಹುದಾದ ಬೇರೆ ಕಾರಣಗಳನ್ನು ನಿಮ್ಮ ಊರು ನೋಡಿ ಹೆಸರಿಸಿ: ಹಾಸ್ಟೆಲ್, ನಿದ್ದೆ, ಮೀನುಗಾರಿಕೆ ಬಂದ್ ಆದ ತಿಂಗಳು. ವೈವಾದಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.